ಮೀನುಮನೆಯ ಬಾಗಿಲು ಬಡಿಯುತ್ತಿದ್ದವರು

ಬಾಗಿಲಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಸ್ವಲ್ಪ ಕಾದು, ಆಮೇಲೆ ಅವರು ಒಳಗೆ ಹೋಗುತ್ತಿದ್ದರು. ಒಳಗಿದ್ದದ್ದು ಮೀನುಗಳು ಮಾತ್ರ.

ನೆದರ್‌ಲ್ಯಾಂಡ್ಸ್‌ನ ಆಮರ್ಸ್‌ಫೋರ್ಟ್ ಹೊರವಲಯದ ಆ ಕ್ಯಾಟ್‌ಫಿಶ್ ಫಾರ್ಮಿಗೆ ನಾನು ಸಂಶೋಧನೆಗಾಗಿ ಹೋಗುತ್ತಿದ್ದೆ. ಅವರು ಅಲ್ಲಿನ ಮೇಲ್ವಿಚಾರಕರು, ಗದಗಿನ ಕಡೆಯವರು. ಮೊದಲು ಜಾಂಬಿಯಾದ ಮೀನು ಫಾರ್ಮೊಂದರಲ್ಲಿದ್ದರು. ಅಲ್ಲಿ ಜನರಿಗೆ ಒಗ್ಗಿದ ನೀರುನಾಯಿಗಳು ಮೇವಿನ ಕೋಣೆಯಲ್ಲೇ ಮಲಗುತ್ತಿದ್ದವಂತೆ, ಬಾಗಿಲು ಬಡಿದರೆ ಎದ್ದು ದಾರಿ ಬಿಡುತ್ತಿದ್ದವಂತೆ.

“ಅವಸರ ಮಾಡಬ್ಯಾಡ್ರಿ, ಅದು ಅವರ ಮನಿ,” ಎನ್ನುವರು. ಮೀನಿನ ಬಗ್ಗೆಯೂ ಅದೇ ಮಾತು.

ಒಂದು ಮಧ್ಯಾಹ್ನ ನಾನು ಬಾಗಿಲು ಮುಚ್ಚಲು ಮರೆತೆ. ಇಬ್ಬರೂ ಊಟ ಮುಗಿಸಿ ಬಂದಾಗ ಬೂದು ಕೊಕ್ಕರೆಯೊಂದು ನನ್ನ ತೊಟ್ಟಿಯ ಅಂಚಿನ ಮೇಲೆ ನಿಂತಿತ್ತು. ಒಂದು ಮೀನು ಹೋದರೂ ನಾಲ್ಕು ತಿಂಗಳ ಪ್ರಯೋಗ ಹಾಳು. ನಾನು ಕೈಯೆತ್ತಿದೆ.

“ಓಡಿಸಬ್ಯಾಡ್ರಿ ಮೇಡಂ. ಅದು ರೆಕ್ಕಿ ಬಡಿದ್ರ ಮೀನು ಗಾಬರಿಯಾಗಿ ಹೊರಗ ಜಿಗೀತಾವ.”

ಬಕೆಟ್ ಬೋರಲು ಹಾಕಿ, ಕೊಕ್ಕರೆಗೆ ಬೆನ್ನು ಮಾಡಿ ಕುಳಿತರು. “ನೀವೂ ಈ ಕಡಿ ತಿರುಗ್ರಿ. ಹಂಗ ನೋಡ್ಕೋತ ನಿಂತ್ರ ಅದು ಹ್ಯಾಂಗ ಹೋಗಬೇಕು?”

ತಿರುಗಿದೆ. ಹಿಂದೆ ಉಗುರಿನ ಸದ್ದು ನೆಲಕ್ಕಿಳಿದು, ನಿಧಾನವಾಗಿ ಬಾಗಿಲು ದಾಟಿತು. ತೊಟ್ಟಿಯಲ್ಲಿ ಎಲ್ಲ ಮೀನೂ ಇದ್ದವು.

“ನಿಮ್ಮ ಪಿಎಚ್‌ಡಿ ಉಳೀತು ನೋಡ್ರಿ,” ಎಂದು ಬಕೆಟ್ ಎತ್ತಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲೇ ಹೋದೆ. ಬಾಗಿಲಿಗೆ ಎರಡು ಸಲ ಬಡಿದು, ಕಾದು, ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡೆ.