ಮುತ್ತಜ್ಜನ ಹೆಸರಿನ ಹಾಡುಗಳು

ನಂಜುಂಡಯ್ಯನವರ ಕೈಯಿಂದ ಟಿಕೆಟ್ ಸಿಗಬೇಕಾದರೆ ತಾಳ ಒಂದು ಸುತ್ತು ಮುಗಿಯಲೇಬೇಕಿತ್ತು. ಐವತ್ತರ ದಶಕದ ಕೊನೆಯ ಮಾತು. ಯಶವಂತಪುರ ಸ್ಟೇಷನ್ನಿನಲ್ಲಿ ಅವರು ಟಿಕೆಟ್ ಗುಮಾಸ್ತರು. ತಾರೀಖು ಒತ್ತುವ ಯಂತ್ರ ಹಿಡಿದು ಏನೋ ಗುನುಗುತ್ತ ನಿಂತುಬಿಟ್ಟರೆ, ಸೊಪ್ಪು ಮಾರಿ ಖಾಲಿ ಬುಟ್ಟಿ ಹಿಡಿದು ಊರಿಗೆ ಹೊರಟವಳು, "ಸ್ವಾಮೇರೆ, ರೈಲು ಒಂಟೋಯ್ತದೆ, ಆಮೇಲ್ ಆಡ್ಕೊಳ್ಳಿ" ಎನ್ನುವಳು. "ಇರಮ್ಮ, ಇನ್ನೆರಡೇ ಅಕ್ಷರ" ಎನ್ನುವರು ಇವರು. ತಾಳದ ಪೆಟ್ಟು ಬಿದ್ದಾಗ ಸರಿಯಾಗಿ ಯಂತ್ರ ಟಕ್ಕೆನ್ನುವುದು. ಚಿಕ್ಕಬಾಣಾವರದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ನಾನು ಆ ಸಾಲಿನಲ್ಲಿ ನಿಂತು ಎಷ್ಟೋ ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಭಾನುವಾರ ಅವರೇ ನನ್ನ ಸಂಗೀತದ ಮೇಷ್ಟ್ರು ಬೇರೆ. ಜೋರಾಗಿ ಬೈಯುವಂತೆಯೂ ಇರಲಿಲ್ಲ.

ಅವರು ಕಲಿಸುತ್ತಿದ್ದ ಕೀರ್ತನೆಗಳನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಯಾರದೆಂದು ಕೇಳಿದರೆ, "ನಮ್ಮ ಮುತ್ತಜ್ಜಂದು" ಎಂಬ ಒಂದೇ ಉತ್ತರ. ಅವರ ಹೆಂಡತಿ ಕಮಲಮ್ಮನವರು ಕಾಫಿ ತಂದಿಟ್ಟು ಮಾತಾಡದೆ ಒಳಗೆ ಹೋಗುವರು. ನಾನೂ ನಂಬಿದ್ದೆ. ಆದರೆ ಒಮ್ಮೆ ವಾರವಿಡೀ ಟಿಕೆಟ್ ಕಿಟಕಿಯಲ್ಲಿ ಅವರು ಸಹಾನ ರಾಗದ ಒಂದು ಸಾಲನ್ನು ಕಟ್ಟುವುದು, ಮುರಿಯುವುದು, ರದ್ದಿ ಕಾಗದದ ಬೆನ್ನಿಗೆ ಬರೆದುಕೊಳ್ಳುವುದನ್ನು ಕಣ್ಣಾರೆ ಕಂಡೆ. ಭಾನುವಾರ ಅದೇ ಸಾಲು ಮುತ್ತಜ್ಜನ ಹೆಸರಿನಲ್ಲಿ ನನಗೆ ಪಾಠವಾಯಿತು.

"ಇದು ನಿಮ್ಮದೇ ಅಲ್ವಾ ಮೇಷ್ಟ್ರೇ?" ಎಂದೆ.

ಅವರು ಶ್ರುತಿಪೆಟ್ಟಿಗೆ ನಿಲ್ಲಿಸಿದರು. "ಟಿಕೆಟ್ ಗುಮಾಸ್ತನ ಹಾಡನ್ನ ಯಾರ್ ಹಾಡ್ತಾರಮ್ಮ? ಸತ್ತೋರದ್ದು ಅಂದ್ರೆ ಭಕ್ತಿಯಿಂದ ಕೇಳ್ತಾರೆ. ಹಾಡು ಬದುಕ್ಕೊಳ್ಳಲಿ ಬಿಡು."

ನನಗೆ ತಡೆಯಲಾಗಲಿಲ್ಲ. ಆ ವರ್ಷದ ರಾಮೋತ್ಸವದ ಚಪ್ಪರದಲ್ಲಿ ಸಹಾನದ ಕೀರ್ತನೆ ಹಾಡಿದೆ. ಸಮಿತಿಯ ಕಾರ್ಯದರ್ಶಿಗಳು ಕಣ್ಣು ಮುಚ್ಚಿ ತಲೆದೂಗಿದರು. ಮುಗಿದ ಮೇಲೆ, "ಇದನ್ನು ರಚಿಸಿದವರು ಇಲ್ಲೇ ಕೂತಿದ್ದಾರೆ, ನಮ್ಮ ನಂಜುಂಡಯ್ಯ ಮೇಷ್ಟ್ರು" ಅಂದುಬಿಟ್ಟೆ. ಮೇಷ್ಟ್ರು ತಲೆ ತಗ್ಗಿಸಿದರು. ಅಷ್ಟರಲ್ಲೇ ಎಲ್ಲರ ಬಾಯಲ್ಲೂ ಚರಣ ಸಪ್ಪೆಯಾಗಿತ್ತು, ಸಾಹಿತ್ಯ ಎಳಸಾಗಿತ್ತು. "ಪ್ರಯತ್ನ ಪರವಾಗಿಲ್ಲ" ಎಂದರು ಕಾರ್ಯದರ್ಶಿಗಳು. ಅಲ್ಲ, ಈಗಷ್ಟೇ ತಲೆದೂಗಿದವರು ಇವರೇ ತಾನೆ? ನನಗೆ ತಲೆ ಕೆಟ್ಟುಹೋಯಿತು. ಮೇಷ್ಟ್ರ ಹಾಡು ಕಲಿತಿದ್ದ ಇಬ್ಬರು ಮೂವರೂ ಆಮೇಲೆ ಅವನ್ನು ಹಾಡುವುದು ಬಿಟ್ಟರು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "'ನಂಗೇ ತಪ್ಪು ತಿಳಿವಳಿಕೆ ಆಗಿತ್ತು, ಹಾಡು ಅವರ ಮುತ್ತಜ್ಜಂದೇ' ಅಂತ ಹೇಳ್ಬಿಡಮ್ಮ, ಅಷ್ಟು ಮಾಡು" ಎಂದು ಕೇಳಿಕೊಂಡರು. ಮರುವರ್ಷ ಅದೇ ಚಪ್ಪರದಲ್ಲಿ ಹಾಗೆಯೇ ಹೇಳಿದೆ. ಗುರುವಿನ ಮಾತು ನಡೆಸಿದೆನೋ, ಗುರುವನ್ನೇ ಅಳಿಸಿದೆನೋ, ಗೊತ್ತಾಗಲಿಲ್ಲ. ಹಾಡುಗಳು ಮಾತ್ರ ಮತ್ತೆ ಹೊರಟವು. ಹೆಬ್ಬಾಳ, ಯಲಹಂಕದ ಭಜನೆ ಮನೆಗಳಿಗೂ ಹೋದವು. ಯಾರೋ ಹಾಡುತ್ತಿದ್ದರೆಂದು ಹೇಳಿದರೆ ಸಾಕು, ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗುವರು. "ಮಧ್ಯಮಕಾಲದ ಸಾಲುಗಳನ್ನ ತೀರಾ ಓಡಿಸಿಲ್ಲ ತಾನೆ?" ಎಂದಷ್ಟೇ ವಿಚಾರಿಸುವರು.

ನಿವೃತ್ತಿಗೆ ಎರಡು ವರ್ಷವಿರುವಾಗಲೇ ತೀರಿಕೊಂಡರು. ಅವರೂ ಸತ್ತವರ ಸಾಲಿಗೆ ಸೇರಿದರಲ್ಲ, ಇನ್ನೇನು ಅಡ್ಡಿ ಎಂದುಕೊಂಡು ಸಂತಾಪ ಸಭೆಯಲ್ಲಿ ಎದ್ದು ನಿಂತು ನಿಜ ಹೇಳಿದೆ.

"ಗುರುಭಕ್ತಿ ಇರ್ಬೇಕಮ್ಮ" ಎಂದರು ಕಾರ್ಯದರ್ಶಿಗಳು, ನಯವಾಗಿಯೇ. "ಅದಕ್ಕೋಸ್ಕರ ಪಾಪ, ಆ ಮುತ್ತಜ್ಜನ ಹೆಸರನ್ನ ಯಾಕೆ ತೆಗೀತೀರಿ? ತಪ್ಪು ತಿಳ್ಕೊಂಡಿದ್ದೆ ಅಂತ ನೀವೇ ಹೇಳಿದ್ರಲ್ಲ."

ಅವರಾದರೂ ಹೇಳಲಿ ಎಂದು ಕಮಲಮ್ಮನವರ ಕಡೆ ನೋಡಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದು, ಅವರ ಮುತ್ತಜ್ಜಂದೇ" ಎಂದರು. ನಂಬಿಯೇ ಹೇಳಿದರೋ, ಗಂಡನ ಮಾತು ಉಳಿಸಲು ಹೇಳಿದರೋ, ಇವತ್ತಿಗೂ ನನಗೆ ತಿಳಿಯದು. ಆಮೇಲೆ ನಂಜುಂಡಯ್ಯನವರು ಪ್ರಾಮಾಣಿಕ ಟಿಕೆಟ್ ಗುಮಾಸ್ತರಾಗಿದ್ದರೆಂದು ಹೊಗಳಿ, ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತರು.