ಅತ್ತೆಯಿಂದ ಬಂದ ಕೀಲುಬಾವು

ಬೆರಳು ಸೊಟ್ಟಗೆ ಮಾಡುವ ಸಂಧಿವಾತ ಕೆಲವು ಮನೆತನಗಳಲ್ಲೇ ಯಾಕೆ ಹೆಚ್ಚು ಅಂತ ತಿಳಿಯಲು, ಇಳಕಲ್ಲಿನ ನೇಕಾರರ ಮನೆಗಳಲ್ಲಿ ರಕ್ತ ಸಂಗ್ರಹಿಸುತ್ತಿದ್ದೆ. ಉರಿಯೂತದ ಪ್ರೋಟೀನು ತಯಾರಿಸುವ ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಅಪಾಯ ಹೆಚ್ಚಬಹುದು, ಆದರೆ ರೋಗ ಬಂದೇ ಬರುತ್ತದೆ ಅಂತಲ್ಲ. ಎಲ್ಲರಿಗೂ ಇದನ್ನೇ ಒಪ್ಪಿಸುತ್ತಿದ್ದೆ.

ಮಧ್ಯಾಹ್ನದ ಹೊತ್ತು. ಮಗ್ಗದ ಸದ್ದಿಗೆ ಕಣ್ಣು ಎಳೆಯುತ್ತಿತ್ತು. ಬಿಸಿಲುಕೋಲಿನಲ್ಲಿ ನೇಯುತ್ತಿದ್ದ ಸೀರೆಯ ಕೆಂಪು ಸೆರಗು ನೀರಿನ ಹಾಗೆ ಅಲುಗುತ್ತಿತ್ತು. ಮನೆಯೊಡತಿ ಗಂಗವ್ವ ತನ್ನ ಸೊಟ್ಟ ಬೆರಳುಗಳನ್ನು ಮುಂದೆ ಚಾಚಿದಳು.

“ನಮ್ಮತ್ತಿಯಿಂದ ಬಂದೈತ್ರಿ ಇದು.”

“ಅತ್ತಿದು ಸೊಸಿಗೆ ಹೆಂಗ ಬರ್ತೈತ್ರಿ? ರಕ್ತಸಂಬಂಧ ಇರಬೇಕಲ್ಲ?” ಅಂದೆ, ಮಾಸ್ತರರ ಧಾಟಿಯಲ್ಲಿ.

“ನನ್ನ ಸೋದರಮಾವಗ ಕೊಟ್ಟಾರ್ರಿ. ನಮ್ಮತ್ತಿ ಅಂದ್ರ ನಮ್ಮವ್ವನ್ನ ಹಡದಾಕಿ.”

ನನ್ನ ತೂಕಡಿಕೆ ಹಾರಿಹೋಯಿತು. ಮಗ್ಗ ಮಾತ್ರ ಕನಸಿನೊಳಗಿನಿಂದೆಂಬಂತೆ ಬಡಿಯುತ್ತಲೇ ಇತ್ತು.

“ನಿಮ್ಮನ್ನ ಹೊರಗಿನ ಸಂಬಂಧಕ್ಕ ಕೊಟ್ಟಾರೇನ್ರಿ?” ಗಂಗವ್ವ ಕೇಳಿದಳು.

ಹೇಳದೆ ಗತಿಯಿರಲಿಲ್ಲ. “ಇಲ್ರಿ. ನಮ್ಮವ್ವನ ತಮ್ಮಗ.”

ಗಂಗವ್ವ ನಗಲಿಲ್ಲ. ನನ್ನ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು, ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿದಳು.

“ಮುಂಜಾನಿ ಎದ್ದಕೂಡ್ಲೆ ಬಿಗಿ ಹಿಡಿತಾವೇನು, ತಂಗಿ?”

ಆ ಪ್ರಶ್ನೆ ಕೇಳುವುದಕ್ಕೇ ಸಂಬಳ ತಗೊಳ್ಳುವವಳು ನಾನು. ಕೈ ಬಿಡಿಸಿಕೊಂಡು, ರಕ್ತ ಹಿಡಿಯುವ ಖಾಲಿ ಸೀಸೆಯೊಂದರ ಮೇಲೆ ನನ್ನ ಹೆಸರು ಬರೆದೆ.