ನಕ್ಷತ್ರ ಮಾರ್ಕಿನ ಮೀನು, ಕೊಕ್ಕರೆ ಮಾರ್ಕಿನ ಗಾಳ

೧೯೩೮ರಲ್ಲಿ ನಾನು ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರಿನಲ್ಲಿ ‘ಸರ್ಜನ್’ ಎಂದಿತ್ತು, ಅಷ್ಟೆ. ದಿನದ ಕೆಲಸವೆಲ್ಲ ಚಳಿಜ್ವರ, ನಾರುಹುಣ್ಣು, ಚೇಳು ಕಡಿತ, ಆಗಾಗ ಒಂದು ಕಷ್ಟದ ಹೆರಿಗೆ. ಕಣ್ಣಿನ ಕೇಸು ಸ್ವಲ್ಪ ಗಂಭೀರವಾಗಿ ಕಂಡರೆ ಔಷಧ ಹಾಕಿ, ಪಟ್ಟಿ ಕಟ್ಟಿ, ಬೆಂಗಳೂರಿನ ಬಸ್ಸು ಹತ್ತಿಸಿಬಿಡುವುದು ರೂಢಿ. ಹಾಗೆ ಮಾಡಲಾಗದ ಒಂದು ಕೇಸಿನ ಕಥೆ ಇದು.

ಊರಿನಲ್ಲಿ ನನಗೆ ಬೇಗ ಪರಿಚಯವಾದವರಲ್ಲಿ ನಂಜಪ್ಪನವರು ಒಬ್ಬರು. ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿ ನಿವೃತ್ತರಾದವರು. ಮೈಗೆ ಕೋಟು, ತಲೆಗೆ ರುಮಾಲು ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಭಾನುವಾರ ಮಾತ್ರ ಕೋಟು ಬಿಚ್ಚಿಟ್ಟು, ಮೀನು ಹಿಡಿಯುವ ಕೋಲು ಹೆಗಲಿಗೇರಿಸಿಕೊಂಡು ಕೆರೆಗೆ ಹೋಗುತ್ತಿದ್ದರು. ಅವರ ಜೊತೆಗಾರರು ಯಲ್ದೂರಿನ ವೆಂಕಟರವಣಪ್ಪ. ಮಾವಿನ ತೋಟದ ಒಡೆಯರು, ದೊಡ್ಡ ಗಂಟಲು, ಮಾತಿನ ನಡುವೆ ತೆಲುಗು. ಇಬ್ಬರೂ ಕೋಲಾರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ವೆಂಕಟರವಣಪ್ಪನವರ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿನಿಂದ ಬೆಳ್ಳಗಾಗಿ ಕುರುಡಾಗಿತ್ತು. ಅರವತ್ತರ ಹತ್ತಿರದವರೆಗೂ ಅವರ ಬದುಕೆಲ್ಲ ನಡೆದದ್ದು ಬಲಗಣ್ಣೊಂದರಿಂದಲೇ.

ಮೀನಿಗೆ ಎರೆಹುಳು ಚುಚ್ಚುವ ಸಾಮಾನ್ಯ ಬೇಟೆ ಇವರದಲ್ಲ. ಚಿನ್ನದ ಗಣಿಯ ದೊರೆಗಳನ್ನು ನೋಡಿ ಕಲಿತ ಚಟ. ಲೋಹದಿಂದಲೋ ಮರದಿಂದಲೋ ಮಾಡಿದ ಕೃತಕ ಎರೆಯನ್ನು, ಅಂದರೆ ಲ್ಯೂರನ್ನು, ದಾರದ ತುದಿಗೆ ಕಟ್ಟಿ ದೂರಕ್ಕೆ ಬೀಸುವುದು; ರೀಲು ಸುತ್ತುತ್ತ ಎಳೆದುಕೊಂಡರೆ ಅದು ನೀರಿನಲ್ಲಿ ಜೀವವಿರುವ ಮರಿಮೀನಿನ ಹಾಗೆ ಓಡುತ್ತದೆ; ದೊಡ್ಡ ಮೀನು ಬಂದು ಕಚ್ಚುತ್ತದೆ. ಬೆಂಗಳೂರು ದಂಡಿನ ಅಂಗಡಿಯಲ್ಲಿ ಹಲವು ಕಂಪನಿಗಳ ಲ್ಯೂರು ಸಿಗುತ್ತಿದ್ದವು. ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತದೆ ಪೆಟ್ಟಿಗೆಯ ಮೇಲಿನ ಚಿತ್ರವೇ ಹೆಸರಾಗಿತ್ತು. ನಂಜಪ್ಪನವರದು ಕೊಕ್ಕರೆ ಮಾರ್ಕು, ವೆಂಕಟರವಣಪ್ಪನವರದು ನಕ್ಷತ್ರ ಮಾರ್ಕು.

ನನ್ನ ಕ್ವಾರ್ಟರ್ಸಿನ ಜಗಲಿಯ ಮೇಲೆ ಕೂತು ಇವರು ನಡೆಸುತ್ತಿದ್ದ ವಾದ ಕೇಳಿ ಕೇಳಿ, ಗಾಳ ಮುಟ್ಟದ ನನಗೂ ವಿಷಯ ಅರ್ಥವಾಗಿತ್ತು. ಕೊಕ್ಕರೆ ಮಾರ್ಕಿನದು ಹಿತ್ತಾಳೆಯ ಚಮಚ. ಹಿಡಿ ಇಲ್ಲದ ಚಮಚದ ಹಾಗೇ ಇರುತ್ತದೆ. ತೂಕವಿರುವುದರಿಂದ ದೂರ ಹೋಗುತ್ತದೆ, ಆಳಕ್ಕಿಳಿದು ಮಿರಮಿರ ತಿರುಗುತ್ತದೆ. ಕೆರೆಯ ನಡುವೆ ತಿಳಿನೀರಿನಲ್ಲಿರುವ ಬಾಳೆಮೀನಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ತಾವರೆ ಎಲೆಯ ನಡುವೆ ಬಿದ್ದರೆ ಬುಡಕ್ಕೆ ಸಿಕ್ಕಿಕೊಂಡು ದಾರವನ್ನೇ ಬಲಿ ತೆಗೆದುಕೊಳ್ಳುತ್ತದೆ. ನಕ್ಷತ್ರ ಮಾರ್ಕಿನದು ಬಣ್ಣ ಹಚ್ಚಿದ ಮರದ ಮೀನು. ಮೇಲೆ ತೇಲುತ್ತ ಕಪ್ಪೆಯಂತೆ ಗುಳುಗುಳು ಸದ್ದು ಮಾಡುತ್ತ ಬರುತ್ತದೆ. ಜೊಂಡಿನ ಅಂಚಿನಲ್ಲಿ ಹೊಂಚು ಹಾಕುವ ಕೊರಮೀನು ಆ ಸದ್ದಿಗೆ ಹಾರಿ ಬೀಳುತ್ತದೆ. ಆದರೆ ಹಗುರ, ಎದುರುಗಾಳಿಗೆ ಬೀಸಿದರೆ ಕಾಲ ಬುಡಕ್ಕೇ ಬಂದು ಬೀಳುತ್ತದೆ. ಕೋಡಿ ಹರಿಯುವ ದಿನಗಳಲ್ಲಿ, ಕಾಲುವೆಯ ಸಣ್ಣ ಮೀನಿಗೆ, ಇಬ್ಬರೂ ಹಕ್ಕಿಯ ಗರಿಯಿಂದ ಮಾಡಿದ ಕಿರೀಟ ಮಾರ್ಕಿನ ಕೃತಕ ನೊಣವನ್ನೇ ಕಟ್ಟುತ್ತಿದ್ದರು. ಇಬ್ಬರೂ ಒಪ್ಪುತ್ತಿದ್ದ ಸಂಗತಿ ಅದೊಂದೇ.

“ನಿನ್ ಮರದ್ ತುಂಡು ಮಕ್ಳಾಟಕ್ಕೆ ಸರಿ ಕಣೋ,” ಎನ್ನುವರು ನಂಜಪ್ಪ.

“ಒರೇ ನಂಜ, ನಿನ್ ಚಮಚ ಪಾಯಸಕ್ಕೆ ಹಾಕು, ಕೆರೇಗ್ಯಾಕೆ?” ಎನ್ನುವರು ವೆಂಕಟರವಣಪ್ಪ.

ಆ ವರ್ಷ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ. ಹೊರರೋಗಿಗಳನ್ನು ನೋಡಿ ಮುಗಿಸುವ ಹೊತ್ತಿಗೆ ಆಸ್ಪತ್ರೆಯ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಒಳಗೆ ವೆಂಕಟರವಣಪ್ಪ ಮಲಗಿದ್ದರು. ಅವರ ಬಲಗಣ್ಣಿನ ಮೇಲ್ರೆಪ್ಪೆಯಿಂದ ಹಸಿರು ಕೆಂಪು ಬಣ್ಣದ ಮರದ ಮೀನೊಂದು ಜೋತುಬಿದ್ದಿತ್ತು. ಅದು ಅಲುಗದಂತೆ ನಂಜಪ್ಪ ತಮ್ಮ ಅಂಗೈಯನ್ನು ಗೆಳೆಯನ ಕೆನ್ನೆಗೆ ಒತ್ತಿ ಹಿಡಿದಿದ್ದರು. ಕುರುಡುಮಲೆಯ ಕಡೆಯ ಕೆರೆಯಿಂದ ಆಸ್ಪತ್ರೆಯವರೆಗೂ ಆ ಕಲ್ಲುದಾರಿಯಲ್ಲಿ ಹಾಗೇ ಹಿಡಿದುಕೊಂಡು ಬಂದಿದ್ದರು. ಗಾಡಿಯಿಂದ ಇಳಿಸುವಾಗಲೂ ಕೈ ತೆಗೆಯಲಿಲ್ಲ.

ನಮ್ಮ ಕಾಂಪೌಂಡರ್ ಸುಬ್ಬರಾಯರು ನಿಯಮ ಬಿಡದ ಮನುಷ್ಯ. ಗಾಯದ ಕೇಸು ಬಂದರೆ ಮೊದಲು ವಿಚಾರಣೆ. “ಯಾರ್ರೀ ಮಾಡಿದ್ದು ಇದು?” ಎಂದು ಗದರಿದರು.

ನಂಜಪ್ಪ ಬಾಯಿ ತೆರೆಯುವ ಮೊದಲೇ ಮಲಗಿದ್ದವರು ಹೇಳಿದರು: “ನಾನೇ ಚುಚ್ಕೊಂಡೆ ಸಾಮಿ. ಯಾರೂ ಮಾಡಿಲ್ಲ.”

ನಂಜಪ್ಪ ತಲೆ ತಗ್ಗಿಸಿದರು. ಅವರ ತುಟಿ ನಡುಗುತ್ತಿದ್ದುದು ನನಗೆ ಕಂಡಿತು. ನಡೆದದ್ದೇನೆಂದು ಗಾಡಿ ಹೊಡೆದುಕೊಂಡು ಬಂದವನು ಆಮೇಲೆ ಹೇಳಿದ. ಮರದ ಮೀನು ನಡುನೀರಿಗೆ ಕೆಲಸಕ್ಕೆ ಬಾರದೆಂದು ತೋರಿಸಲು ನಂಜಪ್ಪ ಗೆಳೆಯನ ಕೋಲನ್ನೇ ಕಿತ್ತುಕೊಂಡು ಬೀಸಲು ಹಿಂದಕ್ಕೆತ್ತಿದ್ದರು. ವೆಂಕಟರವಣಪ್ಪ ಪಕ್ಕದಲ್ಲೇ, ಕುರುಡುಗಣ್ಣು ನಂಜಪ್ಪನವರ ಕಡೆಗಿರುವಂತೆ ನಿಂತಿದ್ದರು. ಕೋಲು ಬಂದದ್ದು ಕಾಣಲಿಲ್ಲ. ಸುಯ್ ಎಂಬ ಸದ್ದು ಕೇಳಿ ಮುಖ ತಿರುಗಿಸಿದರು. ತಿರುಗಿಸಿದ ಮುಖಕ್ಕೆ ಗಾಳ ಬಂದು ಕಚ್ಚಿತು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಮಲಗಿಸಿ ಕಣ್ಣಿಗೆ ನೋವು ಮರೆಸುವ ಕೊಕೇನ್ ಹನಿ ಹಾಕಿದೆ. ಮರದ ಮೀನಿನ ಹೊಟ್ಟೆಯಡಿ ಇದ್ದದ್ದು ಮೂರು ಕೊಕ್ಕೆಗಳ ಗಾಳ. ಎರಡು ಕೊಕ್ಕೆ ಹೊರಗಿದ್ದವು. ಮೂರನೆಯದು ರೆಪ್ಪೆಯನ್ನು ಪೂರ್ತಿ ತೂರಿ ಒಳಗಡೆ ಮೊನೆ ಚಾಚಿತ್ತು. ಗಾಳದ ಮೊನೆಯ ಹಿಂದೆ ಬಾರ್ಬ್ ಎಂಬ ಹಿಮ್ಮುಖದ ಮುಳ್ಳಿರುತ್ತದೆ. ಹೊಕ್ಕಿದ್ದು ಬಂದ ದಾರಿಯಲ್ಲಿ ಹಿಂದೆ ಹೋಗದಂತೆ ತಡೆಯುವುದೇ ಅದರ ಕೆಲಸ. ಮೊನೆ ಕಾರ್ನಿಯಾವನ್ನು, ಅಂದರೆ ಕಣ್ಣಿನ ಕಪ್ಪಿನ ಮೇಲಿರುವ ಗಾಜಿನಂಥ ಪೊರೆಯನ್ನು, ಆಗಲೇ ಗೀರಿತ್ತು. ಪೊರೆ ತೂತಾಗಿರಲಿಲ್ಲ. ಬೆರಳು ತೋರಿಸಿದರೆ ನೀರು ತುಂಬಿದ ಆ ಕಣ್ಣು ಇನ್ನೂ ಗುರುತಿಸುತ್ತಿತ್ತು. ಆದರೆ ಒಂದು ಸೀನು, ಒಂದು ಕೆಮ್ಮು ಸಾಕಿತ್ತು.

ಗಾಳ ಎಳೆದರೆ ರೆಪ್ಪೆ ಹರಿಯುತ್ತದೆ. ಇದ್ದದ್ದು ಒಂದೇ ದಾರಿ. ರೆಪ್ಪೆಯನ್ನು ಕಣ್ಣಿನಿಂದ ಮೇಲೆತ್ತಿ, ಕೆಳಗೆ ತೆಳುವಾದ ಲೋಹದ ಪಟ್ಟಿ ತೂರಿಸಿ, ಮೊನೆ ಮತ್ತು ಬಾರ್ಬನ್ನು ಅಲ್ಲೇ ಕತ್ತರಿಸಿ ತೆಗೆಯಬೇಕು. ಆಮೇಲೆ ಉಳಿದ ತಂತಿ ಸುಲಭವಾಗಿ ಹಿಂದಕ್ಕೆ ಬರುತ್ತದೆ. ಬಸ್ಸಿನ ಮೆಕಾನಿಕ್ ಹತ್ತಿರವಿದ್ದ ಸಣ್ಣ ಕಟಿಂಗ್ ಪ್ಲೈಯರ್ ತರಿಸಿ ಕುದಿಯಲು ಹಾಕಿಸಿದೆ. ಆದರೆ ಗಾಳದ ಉಕ್ಕು ಎಂಥದ್ದೆಂದು ನನಗೆ ಗೊತ್ತಿರಲಿಲ್ಲ. ನಂಜಪ್ಪನವರಿಗೆ ಹೇಳಿ ಇಬ್ಬರ ಪೆಟ್ಟಿಗೆಯನ್ನೂ ಗಾಡಿಯಿಂದ ತರಿಸಿ, ಎರಡು ಮಾರ್ಕಿನಿಂದಲೂ ಒಂದೊಂದು ಗಾಳ ತೆಗೆದುಕೊಂಡು ಪಕ್ಕದ ಕೋಣೆಗೆ ಹೋದೆ.

ಆಸ್ಪತ್ರೆಯಲ್ಲಿದ್ದ ದೊಡ್ಡ ಇಕ್ಕಳದಿಂದ ಮೊದಲು ಕೊಕ್ಕರೆ ಮಾರ್ಕಿನ ಗಾಳ ಒತ್ತಿದೆ. ಮೆತ್ತನೆಯ ತಂತಿಯಂತೆ ಸದ್ದಿಲ್ಲದೆ ಎರಡಾಯಿತು. ನಕ್ಷತ್ರ ಮಾರ್ಕಿನದನ್ನು ಒತ್ತಿದೆ. ಟಣ್ ಎಂದು ಸಿಡಿದು ಒಂದು ಚೂರು ಕಿಟಕಿಯ ಗಾಜಿಗೆ ಬಡಿಯಿತು. ಗಟ್ಟಿ ಹದ ಕೊಟ್ಟ ಉಕ್ಕು, ಬಾಗದು, ಒಡೆಯುತ್ತದೆ. ದೊಡ್ಡ ಮೀನಿಗೆ ಅದು ಒಳ್ಳೆಯ ಗುಣವೇ ಇರಬಹುದು. ರೆಪ್ಪೆಯಡಿಯಲ್ಲಿ ಹಾಗೆ ಸಿಡಿದರೆ ಚೂರು ನೇರ ಕಣ್ಣೊಳಗೆ. ಹೊರಗಿದ್ದ ಕೊಕ್ಕೆಗಳನ್ನು ಕತ್ತರಿಸಿ ಪರೀಕ್ಷಿಸುವ ಧೈರ್ಯವೂ ಬರಲಿಲ್ಲ. ಅಲ್ಲಿ ಒಡೆದರೂ ಆ ಹೊಡೆತ ಒಳಗಿನ ಮೊನೆಗೆ ತಲುಪುತ್ತದೆ.

ರೋಗಿಯ ಬಳಿಗೆ ಬಂದು ವಿಷಯ ಹೇಳಿದೆ. “ಬೆಂಗಳೂರಿಗೆ ಕಳಿಸ್ತೀನಿ. ಅಲ್ಲಿ ಸಲಕರಣೆ ಇದೆ, ಅನುಭವಸ್ಥರಿದ್ದಾರೆ.”

“ಆ ಬಸ್ಸು ಗುಂಡಿಗೊಂದ್ಸಲ ಎಗರ್ತದೆ ಡಾಕ್ಟ್ರೇ,” ಎಂದರು ವೆಂಕಟರವಣಪ್ಪ. ಧ್ವನಿಯ ಗತ್ತೆಲ್ಲ ಇಳಿದುಹೋಗಿತ್ತು. “ಇರೋದು ಇದೊಂದೇ. ಇದೂ ಹೋದ್ರೆ ನನ್ ತೋಟದ ಮರಗಳ್ನ ನಾನು ಮುಟ್ಟಿ ಮುಟ್ಟಿ ಗುರ್ತು ಹಿಡೀಬೇಕಾಗ್ತದೆ. ಇಲ್ಲೇ ತೆಗೀರಿ. ಏನಾದ್ರೂ ನಿಮ್ಮನ್ನ ಅನ್ನಲ್ಲ.”

ಅವರು ಹೇಳಿದ್ದು ನಿಜ. ಕಳಿಸುವುದೂ ಅಪಾಯ, ಕತ್ತರಿಸುವುದೂ ಅಪಾಯ. ಯಾರದು ತಪ್ಪು ಎಂಬುದರಿಂದ ಆಗ ನನಗೆ ಆಗಬೇಕಾದದ್ದೇನೂ ಇರಲಿಲ್ಲ. ನನಗೆ ಬೇಕಿದ್ದದ್ದು ಗಾಳದ ಗುಣ. ಆದ್ದರಿಂದ ಕೇಳಿದೆ: “ಇದು ನಕ್ಷತ್ರ ಮಾರ್ಕಿನ ಗಾಳವೇ ಅನ್ನೋದು ಖಂಡಿತವೋ?”

“ನಕ್ಷತ್ರದ್ ಮೀನಿಗೆ ನಕ್ಷತ್ರದ್ ಗಾಳ ಅಲ್ದೆ ಇನ್ನೇನ್ ಇರ್ತದೆ?” ಎಂದರು ರೋಗಿ.

ಆಗ ನಂಜಪ್ಪ ಮೆಲ್ಲಗೆ ಹೇಳಿದರು: “ಅಲ್ಲ ಡಾಕ್ಟ್ರೇ. ಅದು ನನ್ನ ಗಾಳ. ಕೊಕ್ಕರೆ ಮಾರ್ಕು.”

“ಏನ್ಲಾ ಅಂದೆ?”

“ಹೋದ ವಾರ ನೀನು ಹುಣಸೇಮರದ್ ಕೆಳಗೆ ಮಲ್ಗಿದ್ದಾಗ ಬದಲಾಯಿಸ್ದೆ ಕಣೋ ರವಣ. ನಿನ್ ಗಾಳ ತುಕ್ಕು ಹಿಡಿದಿತ್ತು. ಅದಕ್ಕೆ ಮುಂಚೆ ಅಷ್ಟ್ ದೊಡ್ಡ ಕೊರಮೀನು ನಿನ್ ಇನ್ನೊಂದ್ ಗಾಳ ಮುರ್ಕೊಂಡು ಹೋದಾಗ ನಿನ್ ಮುಖ ನೋಡೋಕಾಗಿರ್ಲಿಲ್ಲ. ಹೇಳಿದ್ರೆ ನೀನು ಹಾಕಿಸ್ಕೊಳ್ತಿರ್ಲಿಲ್ಲ.” ಸ್ವಲ್ಪ ತಡೆದು ನನ್ನ ಕಡೆ ತಿರುಗಿದರು. “ಬೀಸಿದ್ದೂ ನಾನೇ. ಅವನು ಚುಚ್ಕೊಂಡಿದ್ದಲ್ಲ.”

ವೆಂಕಟರವಣಪ್ಪ ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ನಂಜಪ್ಪ ಆ ಕೈ ಹಿಡಿದುಕೊಂಡರು.

ಕುದಿಸಿದ ಪ್ಲೈಯರ್ ಕೈಗೆ ಬಂತು. ರೆಪ್ಪೆಗೆ ನೊವೊಕೇನ್ ಚುಚ್ಚಿ, ಮೊದಲು ಮರದ ಮೀನನ್ನು ಗಾಳಕ್ಕೆ ಜೋಡಿಸಿದ್ದ ಸಣ್ಣ ಬಳೆಯಿಂದ ಬಿಡಿಸಿದೆ. ಹೊರಗಿನ ಒಂದು ಕೊಕ್ಕೆಯನ್ನು ಉಸಿರು ಬಿಗಿಹಿಡಿದು ಒತ್ತಿದೆ. ಸದ್ದಿಲ್ಲದೆ ತುಂಡಾಯಿತು. ನಂಜಪ್ಪನವರ ಮಾತು ನಿಜವಾಗಿತ್ತು. ಇನ್ನೊಂದನ್ನೂ ತೆಗೆದೆ. ಸುಬ್ಬರಾಯರು ಕನ್ನಡಿ ಹಿಡಿದು ಬಿಸಿಲನ್ನು ಕಣ್ಣಿನ ಮೇಲೆ ಬೀಳಿಸಿದರು. ನಿಯಮದ ಮನುಷ್ಯನ ಕೈ ಬಂಡೆಯಂತೆ ನಿಂತಿತ್ತು. ರೆಪ್ಪೆ ಎತ್ತಿ, ಪಟ್ಟಿ ತೂರಿಸಿ, ಮೊನೆಯನ್ನು ಪ್ಲೈಯರ್ ಬಾಯಿಗೆ ತಂದೆ. ಒತ್ತಿದೆ. ಮೊನೆ ಪಟ್ಟಿಯ ಮೇಲೆ ಬಿತ್ತು, ಅಕ್ಕಿಯ ನುಚ್ಚಿನಷ್ಟು. ಉಳಿದ ತಂತಿ ದಾರ ಜಾರಿದಂತೆ ಈಚೆಗೆ ಬಂತು.

ಮುಗಿಯಿತೆಂದು ಹೇಳುವ ಹಾಗಿರಲಿಲ್ಲ. ಆ ಗೀರು ಹುಣ್ಣಾಗಿ ಕಲೆ ಉಳಿದರೆ ದೃಷ್ಟಿ ಹೋದಂತೆಯೇ. ಆಗಿನ್ನೂ ಪೆನಿಸಿಲಿನ್ ನಮ್ಮ ಕಡೆ ಬಂದಿರಲಿಲ್ಲ. ಧನುರ್ವಾತದ ಇಂಜೆಕ್ಷನ್ ಕೊಟ್ಟು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದೆ. ಒಂದು ಕಣ್ಣು ಅಲುಗಿದರೆ ಇನ್ನೊಂದೂ ಅಲುಗುತ್ತದೆ ಎಂಬ ಕಾರಣಕ್ಕೆ ಕುರುಡುಗಣ್ಣಿಗೂ ಕಟ್ಟಬೇಕಾಯಿತು.

ಸಂಜೆ ಯಲ್ದೂರಿನಿಂದ ಅವರ ಹೆಂಡತಿ ಮುನಿಯಮ್ಮ ಬಂದರು. ಗಂಡನ ಮುಖ ನೋಡಿ “ಅಯ್ಯೋ ದೇವುಡಾ” ಎಂದು ಗೋಡೆಗೊರಗಿ ಕೂತರು. ನಂಜಪ್ಪ ಎದ್ದು ನಿಂತು, “ನನ್ನಿಂದಾನೇ ತಂಗೀ,” ಎಂದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: “ಅಣ್ಣಾ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?” ನಂಜಪ್ಪ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಪಟ್ಟಿ ಇದ್ದಷ್ಟು ದಿನವೂ ನಂಜಪ್ಪ ಹಾಸಿಗೆಯ ಪಕ್ಕದ ಸ್ಟೂಲು ಬಿಡಲಿಲ್ಲ. ಅನ್ನ ಕಲಸಿ ತಿನ್ನಿಸುವುದು ಮುನಿಯಮ್ಮ, ಹೊರಗೆ ಕೈಹಿಡಿದು ಕರೆದೊಯ್ಯುವುದು ನಂಜಪ್ಪ. ಮೊದಲೆರಡು ದಿನ ಗೆಳೆಯರಿಬ್ಬರ ನಡುವೆ ವಾದವಿರಲಿಲ್ಲ. ನೋವು ಇಳಿದ ಮೇಲೆ ನಾನು ರೌಂಡ್ಸಿಗೆ ಹೋದಾಗ ಬಾಗಿಲಿನವರೆಗೂ ಸದ್ದು ಕೇಳಿಸಿತು.

“ನಕ್ಷತ್ರದ್ ಗಾಳ ಇದ್ದಿದ್ರೆ ಅಷ್ಟು ಆಳ ಹೋಗ್ತಿರ್ಲಿಲ್ಲ ಕಣೋ ನಂಜ. ತುಕ್ಕು ಹಿಡಿದು ಮೊಂಡಾಗಿತ್ತಲ್ಲ.”

“ಹೋಗಿದ್ರೆ ಈಚೆಗೆ ಬರ್ತಿರ್ಲಿಲ್ಲ ಕಣೋ.”

ನನಗೆ ಆ ಜಗಳ ಕೇಳಿ ಆದ ಸಮಾಧಾನ ಥರ್ಮಾಮೀಟರು ನೋಡಿಯೂ ಆಗಿರಲಿಲ್ಲ.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಕಿಟಕಿಗೆ ಪರದೆ ಎಳೆಸಿದೆ. ಗೀರಿದ ಜಾಗವನ್ನು ಹಸಿರಾಗಿ ತೋರಿಸುವ ಬಣ್ಣದ ಹನಿ ಹಾಕಿ ನೋಡಿದೆ. ಹಸಿರು ಎಲ್ಲೂ ನಿಲ್ಲಲಿಲ್ಲ, ಪೊರೆ ಕೂಡಿಕೊಂಡಿತ್ತು. ವೆಂಕಟರವಣಪ್ಪ ರೆಪ್ಪೆ ಬಡಿದು ಬಡಿದು, ಎದುರಿಗೆ ನಿಂತಿದ್ದವರನ್ನು ದಿಟ್ಟಿಸಿದರು.

“ಏನ್ಲಾ ನಂಜ, ಕ್ಷೌರ ಮಾಡಿಸ್ಕೊಂಡಿಲ್ವಾ? ಶೇಕದಾರ್ ಹೋಗಿ ಸನ್ಯಾಸಿ ಆಗಿದ್ದೀಯ.”

ಮುನಿಯಮ್ಮ ಗಂಡನ ತಲೆಗೆ ಮೆಲ್ಲಗೆ ಮೊಟಕಿದರು. ನಂಜಪ್ಪ ಗಡ್ಡ ತುರಿಸಿಕೊಳ್ಳುತ್ತ ಹೊರಗೆ ಹೋಗಿ, ಜಗಲಿಯ ಕಂಬಕ್ಕೆ ಒರಗಿ ನಿಂತರು.

ಆಮೇಲೆ ಮಾಲೂರು, ಶ್ರೀನಿವಾಸಪುರ, ಕೋಲಾರ ಎಂದು ನನಗೆ ವರ್ಗವಾಗುತ್ತ ಹೋಯಿತು. ಗಾಣಕ್ಕೆ ಕೈ ಸಿಕ್ಕಿಸಿಕೊಂಡವರು, ಬಾವಿ ತೋಡುವಾಗ ಮದ್ದು ಸಿಡಿದವರು, ಬೆಳೆಗೆ ಹಾಕುವ ವಿಷ ಹೊಟ್ಟೆಗೆ ಹೋದವರು, ಎಲ್ಲರೂ ಬಂದರು. ಜೊತೆಯಲ್ಲಿ ಬಂದವರ ಮುಖದಲ್ಲಿ ಅದೇ ನಡುಗುವ ತುಟಿಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂದು ಸುಬ್ಬರಾಯರು ‘ಯಾರು ಮಾಡಿದ್ದು’ ಎಂದು ಕೇಳಿದಾಗ ಇಬ್ಬರು ಒಳ್ಳೆಯ ಮನುಷ್ಯರಲ್ಲಿ ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬರು ಸುಮ್ಮನಾದರು. ‘ಇದು ಯಾವ ಗಾಳ’ ಎಂದು ಕೇಳಿದಾಗ ನಿಜ ತಾನಾಗಿ ಹೊರಬಂತು. ಒಂದು ಕಣ್ಣು ಉಳಿಯಿತು. ಪೊಲೀಸರಿಗೆ ಬರೆದುಕೊಡುವುದನ್ನು ನಾನು ಎಂದೂ ತಪ್ಪಿಸಲಿಲ್ಲ, ಅದೂ ಕೆಲಸವೇ. ಆದರೆ ಗಾಯದ ಮುಂದೆ ನಿಂತಾಗ ನನ್ನ ಮೊದಲ ಪ್ರಶ್ನೆ ಯಾವಾಗಲೂ ವಸ್ತುವಿನ ಬಗ್ಗೆಯೇ ಇರುತ್ತಿತ್ತು. ಹೆದರಿ ನಿಂತವರಿಗೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಮೊದಲು ಸಹಾಯ ಮಾಡುವ ಅವಕಾಶ ಕೊಡಬೇಕು. ಒಪ್ಪಿಗೆ ಅದರ ಹಿಂದೆಯೇ ಬರುತ್ತದೆ.